ಒರೆಗಲ್ಲಿನ ಪರೀಕ್ಷೆ: ಅಂಟಾರ್ಕ್ಟಿಕದ ಓಝೋನ್ ಮತ್ತು ಉಪಗ್ರಹ ಮಾಪನದ ವಿಶ್ವಾಸಾರ್ಹತೆ

ಓಝೋನ್ ರಂಧ್ರದ ಚರಿತ್ರೆ ಬರೆಯುವವರು ಒಂದು ಕಥೆಯನ್ನು ಮರೆಯದೆ ಹೇಳುತ್ತಾರೆ. ನಾಸಾದ ನಿಂಬಸ್-7 ಉಪಗ್ರಹ ಅಂಟಾರ್ಕ್ಟಿಕದ ಮೇಲಿನ ಓಝೋನ್ ಕುಸಿತವನ್ನು ಮೊದಲೇ ಅಳೆದಿತ್ತಂತೆ. ಅಷ್ಟು ಕಡಿಮೆ ಅಂಕಿಗಳು ಅಸಂಭವವೆಂದು ಗಣಕಯಂತ್ರ ತಾನಾಗಿಯೇ ಅವನ್ನು ಅಳಿಸಿಹಾಕಿತಂತೆ. ಗುಂಪಿನಿಂದ ಹೊರಗುಳಿದ ಅಂಕಿಗಳನ್ನು ಕಣ್ಣುಮುಚ್ಚಿ ಕೈಬಿಡಬಾರದೆಂಬ ಪಾಠಕ್ಕೆ ಇದು ಸಿದ್ಧ ನಿದರ್ಶನವಾಗಿಬಿಟ್ಟಿದೆ. ಸಂಖ್ಯಾಶಾಸ್ತ್ರಜ್ಞ ಫ್ರೀಡ್ರಿಷ್ ಪುಕೆಲ್ಸ್‌ಹೈಮ್ 1990ರಲ್ಲೇ ಇದನ್ನು ಗಾಳಿಮಾತೆಂದು ಪ್ರಶ್ನಿಸಿದರು. ಅವರ ಆಕ್ಷೇಪವನ್ನು ಒಪ್ಪಿ, ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ಯುವುದು ಈ ಲೇಖನದ ಉದ್ದೇಶ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡಬಹುದು. ಸಮೋಷ್ಣ ಮಂಡಲದ ಓಝೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರುತ್ತದೆ. ಪಕ್ಕಪಕ್ಕದ ಎರಡು ತರಂಗಾಂತರಗಳಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಹೀರಲ್ಪಡುವುದರಿಂದ ಎರಡರ ಅನುಪಾತ ಹಿಡಿದು ಓಝೋನಿನ ಒಟ್ಟು ಮೊತ್ತವನ್ನು ಲೆಕ್ಕಹಾಕಬಹುದು. ಡಾಬ್ಸನ್ ಉಪಕರಣ ಇದನ್ನು ನೆಲದಿಂದ ಮಾಡುತ್ತದೆ; 1978ರ ಅಕ್ಟೋಬರಿನಲ್ಲಿ ಉಡಾವಣೆಯಾದ ನಿಂಬಸ್-7ರ ಟಾಮ್ಸ್ ಉಪಕರಣ ಭೂಮಿಯಿಂದ ಹಿಂಚದುರಿದ ಬೆಳಕಿನಲ್ಲಿ ಮಾಡುತ್ತಿತ್ತು. 300 ಡಾಬ್ಸನ್ ಮಾನವೆಂದರೆ ಸಾಮಾನ್ಯ ಒತ್ತಡ, ಶೂನ್ಯ ಡಿಗ್ರಿ ಉಷ್ಣತೆಯಲ್ಲಿ 3 ಮಿಲಿಮೀಟರ್ ದಪ್ಪದ ಓಝೋನ್ ಪದರ. ಅಂಟಾರ್ಕ್ಟಿಕದ ಹ್ಯಾಲಿ ನೆಲೆಯಲ್ಲಿ ಅಕ್ಟೋಬರಿನ ಸರಾಸರಿ ಸುಮಾರು 300ರಿಂದ 200ರ ಆಸುಪಾಸಿಗೆ ಇಳಿದದ್ದನ್ನು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಪಾನಿನ ಶೋವಾ ನೆಲೆಯ 1982ರ ಕಡಿಮೆ ಅಂಕಿಗಳನ್ನು ಚುಬಾಚಿ 1984ರಲ್ಲೇ ಗ್ರೀಸಿನ ಓಝೋನ್ ಸಮ್ಮೇಳನದಲ್ಲಿ ಮಂಡಿಸಿದ್ದರು.

ವಿವಾದವಿರುವುದು ಉಪಗ್ರಹದ ಅಂಕಿಗಳಿಗೆ ಏನಾಯಿತು ಎಂಬಲ್ಲಿ. ಟಾಮ್ಸ್ ಕ್ರಮವಿಧಿಯಲ್ಲಿ 180 ಮಾನಕ್ಕಿಂತ ಕೆಳಗಿನ ಅಂಕಿಗಳಿಗೆ 'ಸಂದೇಹಾಸ್ಪದ' ಎಂಬ ಗುರುತು ಬೀಳುತ್ತಿತ್ತು. ಗುರುತು ಹಾಕುವುದು ಬೇರೆ, ಅಳಿಸುವುದು ಬೇರೆ. ಮೂಲ ದತ್ತಾಂಶ ಸುರಕ್ಷಿತವಾಗಿತ್ತು. ಸ್ಟೊಲಾರ್ಸ್ಕಿ ಮತ್ತು ಸಂಗಡಿಗರು 1986ರಲ್ಲಿ ರಂಧ್ರದ ನಕ್ಷೆಗಳನ್ನು ಪ್ರಕಟಿಸಲು ಸಾಧ್ಯವಾದದ್ದು ಅದರಿಂದಲೇ. 1983ರ ಅಕ್ಟೋಬರಿನ ದತ್ತಾಂಶದಲ್ಲಿ ಇಂಥ ಗುರುತುಗಳು ಅಂಟಾರ್ಕ್ಟಿಕದ ಮೇಲೆ ಒತ್ತೊತ್ತಾಗಿರುವುದನ್ನು ಭಾರತೀಯ ಮೂಲದ ಪಿ. ಕೆ. ಭಾರ್ತಿಯಾ ಮತ್ತು ಸಹೋದ್ಯೋಗಿಗಳು 1984ರಲ್ಲಿ ಗಮನಿಸಿದರು.

ಮುಂದೆ ಅವರು ಮಾಡಿದ್ದು ಯಾವ ಎಚ್ಚರದ ವಿಜ್ಞಾನಿಯೂ ಮಾಡುವ ಕೆಲಸ: ನೆಲದ ಅಳತೆಯೊಂದಿಗೆ ತಾಳೆ ನೋಡಿದರು. ದಕ್ಷಿಣ ಧ್ರುವದ ಅಮಂಡ್ಸನ್-ಸ್ಕಾಟ್ ನೆಲೆಯ ಡಾಬ್ಸನ್ ಆ ಅವಧಿಗೆ ಸುಮಾರು 300 ಮಾನ ತೋರಿಸುತ್ತಿತ್ತು. ಸಂಶಯ ಸಹಜವಾಗಿ ಉಪಗ್ರಹದ ಕಡೆ ತಿರುಗಿತು. ಆದರೆ ತಪ್ಪಿದ್ದದ್ದು ಧ್ರುವದ ಅಂಕಿಗಳಲ್ಲಿ. ಅಲ್ಲಿನ ಉಪಕರಣದ ತರಂಗಾಂತರ ಹೊಂದಾಣಿಕೆ ಸರಿಯಿರಲಿಲ್ಲ ಎಂಬುದು ಆಮೇಲೆ ತಿಳಿಯಿತು; 1986ರಲ್ಲಿ ಕೊಮಿರ್ ಮತ್ತು ಸಂಗಡಿಗರು ಪ್ರಕಟಿಸಿದ ಧ್ರುವದ ದಾಖಲೆಯಲ್ಲೂ ಓಝೋನ್ ಇಳಿಕೆಯೇ ಕಾಣುತ್ತದೆ.

ಇದರಿಂದ ನಾನು ತಲುಪುವ ತೀರ್ಮಾನವಿದು: ಆವಿಷ್ಕಾರ ತಡವಾದದ್ದರಲ್ಲಿ ಗಣಕಯಂತ್ರದ ಜರಡಿಗಿಂತ ದೊಡ್ಡ ಪಾಲು ಒರೆಗಲ್ಲಿನದು, ಅಂದರೆ ತಾಳೆ ನೋಡಲು ಬಳಸಿದ ಧ್ರುವದ ಅಳತೆಯದು. ಹೀಗೆ ಹೇಳುವಾಗ ಮೂರು ಮಿತಿಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದಾಗಿ, ಜರಡಿ ಪೂರ್ತಿ ನಿರ್ದೋಷಿಯಲ್ಲ. ಸಂದೇಹದ ಗುರುತು ಬಿದ್ದದ್ದನ್ನು ಕೂಡಲೇ ಯಾರಾದರೂ ನೋಡಬೇಕೆಂಬ ವ್ಯವಸ್ಥೆ ಇದ್ದಿದ್ದರೆ ಪ್ರಶ್ನೆ ಬೇಗ ಎದುರಾಗುತ್ತಿತ್ತು. ಎರಡನೆಯದಾಗಿ, ತಾಳೆಯಾಗದಿದ್ದರೂ ಭಾರ್ತಿಯಾ ತಂಡ ಸುಮ್ಮನಾಗಲಿಲ್ಲ. 1985ರ ಆಗಸ್ಟಿನ ಪ್ರಾಗ್ ಸಮ್ಮೇಳನಕ್ಕೆ ಈ ವಿಷಯವನ್ನೇ ಒಯ್ದಿತು. ಹಾಗಾಗಿ ತಡೆಯೆಂದರೆ ವರ್ಷಗಳ ಮರೆವಲ್ಲ, ತಿಂಗಳುಗಳ ಹಿಂಜರಿಕೆ. ಮೂರನೆಯದಾಗಿ, ಹಿಂಜರಿಕೆಗೆ ಭೌತಿಕ ಕಾರಣವೂ ಇತ್ತು. ಅಕ್ಟೋಬರಿನ ಆರಂಭದಲ್ಲಿ ಧ್ರುವಪ್ರದೇಶದ ಸೂರ್ಯ ದಿಗಂತದಿಂದ ಹೆಚ್ಚು ಮೇಲೇರಿರುವುದಿಲ್ಲ. ಬೆಳಕು ಓರೆಯಾಗಿ ಬಹುದೂರ ಹಾದು ಬರುವಾಗ ಎರಡೂ ಬಗೆಯ ಉಪಕರಣಗಳಲ್ಲಿ ದೋಷದ ಸಾಧ್ಯತೆ ಹೆಚ್ಚುತ್ತದೆ.

ಹಾಗಿದ್ದರೆ, ಧ್ರುವದ ಅಂಕಿಗಳನ್ನು ಬದಿಗಿಟ್ಟು, ಉಪಗ್ರಹದ ದತ್ತಾಂಶವೊಂದರಿಂದಲೇ ನಿಜವನ್ನು ಗ್ರಹಿಸಬಹುದಿತ್ತೇ? ಭಾಗಶಃ ಸಾಧ್ಯವಿತ್ತು ಎನ್ನಬಹುದು. ಉಪಕರಣದ ಸಂವೇದಕವೇ ಕೆಟ್ಟಿದ್ದರೆ, ಸೂರ್ಯನ ಎತ್ತರ ಅಷ್ಟೇ ಇರುವ ಉತ್ತರಾರ್ಧದ ಅಕ್ಷಾಂಶಗಳಲ್ಲೂ ಅದೇ ಕುಸಿತ ಕಾಣಬೇಕಿತ್ತು. ಕಡಿಮೆ ಅಂಕಿಗಳು ಒಂದೇ ಖಂಡದ ಮೇಲೆ ಒಂದಕ್ಕೊಂದು ಅಂಟಿಕೊಂಡಿದ್ದದ್ದು ವಾಯುಮಂಡಲದ ಕಡೆಗೇ ಬೊಟ್ಟುಮಾಡುತ್ತಿತ್ತು. ಆದರೆ ಲೆಕ್ಕಾಚಾರದಲ್ಲಿ ಬಳಸುವ ಓಝೋನಿನ ಲಂಬ ಹಂಚಿಕೆಯ ಊಹೆ ಅಂಟಾರ್ಕ್ಟಿಕಕ್ಕೆ ಒಗ್ಗದಿದ್ದರೂ ಇಂಥದೇ ಪ್ರಾದೇಶಿಕ ದೋಷ ಹುಟ್ಟಬಹುದು. ಈ ಶಂಕೆಯನ್ನು ನಿವಾರಿಸಲು ಹೊರಗಿನ ಸಾಕ್ಷಿ ಬೇಕೇಬೇಕಿತ್ತು. ಹ್ಯಾಲಿ ಅಂಥ ಸಾಕ್ಷಿಯಾಯಿತು. ಅಲ್ಲಿ ಹಳೆಯ ಉಪಕರಣದ ಜಾಗಕ್ಕೆ ಹೊಸದನ್ನು ತಂದಾಗಲೂ ಇಳಿಕೆ ಮುಂದುವರಿದದ್ದೇ ಆ ಸಾಕ್ಷ್ಯದ ಬಲ.

ಧ್ರುವದ ಅಂಕಿಗಳು ತಪ್ಪಿದ್ದವೆಂದರೆ ನೆಲದ ಅಳತೆಯೇ ನಂಬಲರ್ಹವಲ್ಲ ಎಂದು ಅರ್ಥವಲ್ಲ. ನಿಂಬಸ್-7ರಲ್ಲೇ ಇದ್ದ ಇನ್ನೊಂದು ಉಪಕರಣ ಎಸ್‌ಬಿಯುವಿ 1980ರ ದಶಕದಲ್ಲಿ ಜಗತ್ತಿನಾದ್ಯಂತ ತೀವ್ರ ಓಝೋನ್ ಇಳಿಕೆ ತೋರಿಸಿತು. ಸೂರ್ಯನ ಬೆಳಕನ್ನು ಅಳೆಯಲು ಬಳಸುತ್ತಿದ್ದ ವಿಸರಣ ಫಲಕ ನೇರಳಾತೀತ ಕಿರಣಗಳಿಗೆ ಒಡ್ಡಿಕೊಂಡು ಮಂಕಾದದ್ದರಿಂದ ಆ ಇಳಿಕೆ ಉತ್ಪ್ರೇಕ್ಷಿತವಾಗಿತ್ತೆಂದು 1988ರ ಓಝೋನ್ ಪ್ರವೃತ್ತಿ ಸಮಿತಿ ತೋರಿಸಿತು. ಡಾಬ್ಸನ್ ಜಾಲದ ದಾಖಲೆಗಳನ್ನು ಮರುಪರಿಶೀಲಿಸಿ, 1969ರಿಂದ 1986ರವರೆಗೆ ಉತ್ತರದ 30–64 ಡಿಗ್ರಿ ಅಕ್ಷಾಂಶಗಳಲ್ಲಿ ಇಳಿಕೆ ಶೇ. 1.7ರಿಂದ 3 ಎಂದು ಅದು ನಿರ್ಣಯಿಸಿತು. ಅಲ್ಲಿ ನೆಲ ಉಪಗ್ರಹವನ್ನು ತಿದ್ದಿತು. ಧ್ರುವದಲ್ಲಿ ನೆಲವೇ ತಿದ್ದುಪಡಿಗೆ ಒಳಗಾಗಬೇಕಾಯಿತು. ಎರಡನ್ನೂ ಒಟ್ಟಿಗೆ ಓದಿದರೆ, ಒಂದೇ ಕೇಂದ್ರಕ್ಕೆ ತೀರ್ಪಿನ ಅಧಿಕಾರ ಕೊಡದೆ ಅನೇಕ ಕೇಂದ್ರಗಳನ್ನು ಪರಸ್ಪರ ಒರೆಗೆ ಹಚ್ಚುವುದೇ ನಿಖರತಾ ಪರೀಕ್ಷೆಯ ಸರಿಯಾದ ಕ್ರಮವೆನಿಸುತ್ತದೆ.

ಆದರೂ ಒಂದು ಪ್ರಶ್ನೆ ಬಗೆಹರಿಯದೆ ಉಳಿಯುತ್ತದೆ. ಡಾಬ್ಸನ್ ಮತ್ತು ಟಾಮ್ಸ್ ಎರಡೂ ಪ್ರಯೋಗಾಲಯದಲ್ಲಿ ಅಳೆದ ಓಝೋನ್ ಹೀರಿಕೆಯ ಗುಣಾಂಕಗಳನ್ನೇ ಅವಲಂಬಿಸಿವೆ, ಮತ್ತು ಆ ಗುಣಾಂಕಗಳು ಉಷ್ಣತೆಗೆ ತಕ್ಕಂತೆ ಬದಲಾಗುತ್ತವೆ. ಬಲೂನಿನಲ್ಲಿ ಏರುವ ಸೋಂಡ್ ರಾಸಾಯನಿಕ ಕ್ರಿಯೆಯಿಂದ ಅಳೆಯುತ್ತದೆ, ನಿಜ. ಆದರೆ ಹಲವು ಕೇಂದ್ರಗಳಲ್ಲಿ ಅದರ ಫಲಿತವನ್ನು ಡಾಬ್ಸನ್ ಮೊತ್ತಕ್ಕೆ ಸರಿಹೊಂದಿಸುವ ರೂಢಿಯಿತ್ತು. ಹೀಗಿರುವಾಗ ಮೂರರ ಒಮ್ಮತವನ್ನು ಎಷ್ಟರ ಮಟ್ಟಿಗೆ ಸ್ವತಂತ್ರ ಸಾಕ್ಷ್ಯವೆಂದು ಎಣಿಸಬಹುದು? ಪ್ರತಿ ಕೇಂದ್ರದ ಹಳೆಯ ದಾಖಲೆಯನ್ನು, ಸರಿಹೊಂದಿಸುವ ಮುಂಚಿನ ಅಂಕಿಗಳ ಸಮೇತ, ಮತ್ತೆ ತೆರೆದು ನೋಡದೆ ಇದಕ್ಕೆ ಉತ್ತರ ಹೇಳಲಾಗದು. ಈ ಲೇಖನ ಒಂದೇ ಪ್ರಕರಣವನ್ನು ಆಧರಿಸಿದ್ದು. ಉಳಿದ ಅನಿಲಗಳಿಗೆ ಇದೇ ಮಾತು ಎಷ್ಟು ಅನ್ವಯಿಸುತ್ತದೆಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿದೆ.