ಬಾಗಿಲೋ, ಬದಲಿಯೋ: ಅಭಿಜಾತ ಕೃತಿಗಳು ಚಿತ್ರಕಥೆಯಾದ ಬಗೆ

ಅಮರ ಚಿತ್ರ ಕಥೆಯ ಇಂಗ್ಲಿಷ್ ಮಾಲೆ ಶುರುವಾಗುವುದು ಒಂದರಿಂದಲ್ಲ, ಹನ್ನೊಂದರಿಂದ. ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಆ ಹನ್ನೊಂದನೆಯ ಸಂಚಿಕೆ. ಹಾಗಾದರೆ ಮೊದಲ ಹತ್ತು ಎಲ್ಲಿ ಎಂದು ಹುಡುಕುತ್ತ ಹೋದರೆ ಬೆಂಗಳೂರಿಗೆ ಬರಬೇಕಾಗುತ್ತದೆ. ಇಂಡಿಯಾ ಬುಕ್ ಹೌಸ್‌ನ ಪರವಾಗಿ ಇಲ್ಲಿ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರಲ್ಲಿ ಅವು ಕನ್ನಡದಲ್ಲಿ ಅಚ್ಚಾದವು. ಅವುಗಳಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಇದ್ದದ್ದು ಸಿಂಡರೆಲಾಳಂಥ ಪಾಶ್ಚಾತ್ಯ ಮಕ್ಕಳ ಕಥೆಗಳು. ಅವು ಚೆನ್ನಾಗಿ ಖರ್ಚಾದದ್ದರಿಂದಲೇ ಮುಂಬಯಿಯ ಪ್ರಧಾನ ಕಚೇರಿ ಈ ಯೋಜನೆಯ ಬೆನ್ನು ಹತ್ತಿತು ಎಂಬುದು ಅನಂತರಾಮ್ ಅವರ ಮಾತು. ಮಾಲೆಯ ರೂವಾರಿ ಅನಂತ ಪೈ ಅವರ ಸುತ್ತ ಬೆಳೆದಿರುವ ಜನಪ್ರಿಯ ಕಥನದಲ್ಲಿ ಈ ಕನ್ನಡದ ಅಧ್ಯಾಯಕ್ಕೆ ಸಿಗುವ ಜಾಗ ಹೆಚ್ಚೆಂದರೆ ಒಂದೆರಡು ಸಾಲು.

ಅಮರ ಚಿತ್ರ ಕಥೆಯ ಬಗ್ಗೆ ವಿದ್ವತ್ಪೂರ್ಣ ಕೆಲಸ ಆಗಿಲ್ಲವೆಂದಲ್ಲ. ನಂದಿನಿ ಚಂದ್ರ ಅವರ ಅಧ್ಯಯನ 2008ರಲ್ಲೂ ಕಾರ್ಲೀನ್ ಮೆಕ್ಲೇನ್ ಅವರದು 2009ರಲ್ಲೂ ಪುಸ್ತಕವಾಗಿ ಬಂದಿವೆ. ರಾಷ್ಟ್ರ, ಧರ್ಮ, ಜಾತಿ, ಸ್ತ್ರೀಚಿತ್ರಣ ಇವು ಅಲ್ಲಿನ ಮುಖ್ಯ ಚರ್ಚೆ. ಈ ಲೇಖನದ ಪ್ರಶ್ನೆ ಅದಕ್ಕಿಂತ ಸಣ್ಣದು, ಆದರೆ ಹಳೆಯದು: ಒಂದು ದೊಡ್ಡ ಕೃತಿ ಚಿತ್ರಕಥೆಯಾದಾಗ ಅದು ಮೂಲಕ್ಕೆ ಬಾಗಿಲಾಗುತ್ತದೆಯೋ, ಮೂಲದ ಬದಲಿಗೆ ತಾನೇ ಕುಳಿತುಬಿಡುತ್ತದೆಯೋ? ಉತ್ತರ ಬರೀ ಚಿತ್ರಕಾರನ ಕೈಯಲ್ಲಿಲ್ಲ. ಮೂಲ ಕೃತಿ ಓದುಗನಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದರ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಈ ಬಗೆಯ ಪುಸ್ತಕಗಳನ್ನು ಉದ್ಯಮವಾಗಿ ಕಟ್ಟಿದವನು ಆಲ್ಬರ್ಟ್ ಕ್ಯಾಂಟರ್. ರಷ್ಯಾದ ಯಹೂದಿ ಕುಟುಂಬದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕ ಸೇರಿದವ. ಊರೂರು ಅಲೆದು ಸರಕು ಮಾರಿದ ಅನುಭವಸ್ಥ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಅಬ್ಬರದ ನಡುವೆ 1941ರ ಅಕ್ಟೋಬರಿನಲ್ಲಿ ಅವನು ‘ಕ್ಲಾಸಿಕ್ ಕಾಮಿಕ್ಸ್’ ಮಾಲೆ ಶುರುಮಾಡಿದ. ಮೊದಲನೆಯದು ಅಲೆಕ್ಸಾಂಡರ್ ಡ್ಯೂಮಾನ ‘ದಿ ತ್ರೀ ಮಸ್ಕಿಟಿಯರ್ಸ್’: ಹತ್ತು ಸೆಂಟ್ ಬೆಲೆ, ಅರವತ್ತನಾಲ್ಕು ಪುಟ. ಹಿಂದೆಯೇ ‘ಐವನ್‌ಹೋ’, ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಬಂದವು. 1947ರಲ್ಲಿ ಮಾಲೆ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಎಂದು ಹೆಸರು ಬದಲಿಸಿಕೊಂಡಿತು. ಕಾಮಿಕ್ಸ್ ಅಂದರೆ ಮೂಗು ಮುರಿಯುವ ಮೇಷ್ಟರು, ತಾಯ್ತಂದೆಯರನ್ನು ಒಲಿಸಿಕೊಳ್ಳುವ ಲೆಕ್ಕಾಚಾರ ಅದರಲ್ಲಿತ್ತು. 1951ರಲ್ಲಿ ರೇಖಾಚಿತ್ರದ ಮುಖಪುಟದ ಜಾಗಕ್ಕೆ ವರ್ಣಚಿತ್ರ ಬಂತು; ಬೆಲೆ ಹದಿನೈದು ಸೆಂಟ್‌ಗೆ ಏರಿತು.

ಕ್ಯಾಂಟರನ ನಿಜವಾದ ಆವಿಷ್ಕಾರ ಇದ್ದದ್ದು ಚಿತ್ರದಲ್ಲಲ್ಲ, ವ್ಯಾಪಾರದಲ್ಲಿ. ಅಂದಿನ ಕಾಮಿಕ್ಸ್ ಪತ್ರಿಕೆಯಂತೆ ಬರುತ್ತಿದ್ದವು, ತಿಂಗಳು ಮುಗಿದರೆ ರದ್ದಿ. ಇವನು ಹಳೆಯ ಸಂಚಿಕೆಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿಸಿದ. ಸಂಖ್ಯೆ ಸಮೇತ ಪಟ್ಟಿ ಕೊಟ್ಟು, ಬೇಕಾದವನ್ನು ಅಂಚೆಯಲ್ಲಿ ತರಿಸಿಕೊಳ್ಳಲು ಅನುವು ಮಾಡಿದ. ಪುಟದ ಕೊರತೆ ತುಂಬಲು ಗೊಂಬೆ, ಮಿಠಾಯಿಗಳ ಜಾಹೀರಾತಿನ ಬದಲು ಲೇಖಕರ ಜೀವನಚಿತ್ರಗಳನ್ನು ಕೊಟ್ಟ. ಪಟ್ಟಿಯಲ್ಲಿ ಸೇರಿದ್ದೇ ‘ಕ್ಲಾಸಿಕ್’ ಎಂದು ಒಂದು ಪೀಳಿಗೆಯ ಹುಡುಗರು ನಂಬಿದರು. ಆ ಪಟ್ಟಿಯಾದರೂ ಎಂಥದು? ಡ್ಯೂಮಾ, ಜೂಲ್ಸ್ ವರ್ನ್, ಸ್ಟೀವನ್‌ಸನ್, ಕೂಪರ್ ತುಂಬಿ ತುಳುಕುತ್ತಾರೆ. ಜೇನ್ ಆಸ್ಟೆನ್‌ಳ ಒಂದು ಕಾದಂಬರಿಯೂ ಇಲ್ಲ. ಕತ್ತಿವರಸೆಯನ್ನು ಚೌಕಟ್ಟಿಗಿಳಿಸುವುದು ಸುಲಭ. ಪಡಸಾಲೆಯಲ್ಲಿ ಕುಳಿತು ಚುರುಕಾಗಿ ಮಾತಾಡುವ ಹೆಣ್ಣುಮಕ್ಕಳನ್ನು ಇಳಿಸುವುದು ಕಷ್ಟ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಾದರೆ ಲೇಖಕನಿಗೆ ಹಣ ಕೊಡಬೇಕಿಲ್ಲ ಎಂಬುದೂ ಪಟ್ಟಿಯನ್ನು ರೂಪಿಸಿತು. ಅಭಿರುಚಿಯ ಚರಿತ್ರೆ ಬರೆಯುವವರು ಇಂಥ ಲೆಕ್ಕಪತ್ರದ ಸಂಗತಿಗಳನ್ನು ಯಾಕೋ ಕಡೆಗಣಿಸುತ್ತಾರೆ.

ಇಷ್ಟಾದರೂ ಕ್ಯಾಂಟರನ ಪುಸ್ತಕಗಳಲ್ಲಿ ಒಂದು ಅಳುಕು ಕೊನೆಯವರೆಗೂ ಉಳಿಯಿತು. ಕಥೆ ಮುಗಿದ ಕಡೆ ಚಿಕ್ಕ ಅಕ್ಷರದಲ್ಲಿ ಒಂದು ಸೂಚನೆ ಇರುತ್ತಿತ್ತು: ಇದನ್ನು ಓದಿದ ಮೇಲೆ ಮೂಲವನ್ನೂ ಓದಿ, ಶಾಲೆಯ ಅಥವಾ ಊರಿನ ಗ್ರಂಥಾಲಯದಲ್ಲಿ ಸಿಗುತ್ತದೆ ಎಂಬರ್ಥದ್ದು. ಎಷ್ಟು ಮಕ್ಕಳು ಅದರಂತೆ ನಡೆದರೋ ದೇವರೇ ಬಲ್ಲ. ಆದರೆ ಆ ಸೂಚನೆ ಸುಳ್ಳಾಗಿರಲಿಲ್ಲ. ಮೂಲ ಅದೇ ಭಾಷೆಯಲ್ಲಿತ್ತು ಅಥವಾ ಒಳ್ಳೆಯ ಅನುವಾದದಲ್ಲಿ ಸಿಗುತ್ತಿತ್ತು, ಗ್ರಂಥಾಲಯ ನಡೆದು ಹೋಗುವಷ್ಟು ಹತ್ತಿರವಿತ್ತು. ‘ಮೋಬಿ ಡಿಕ್’ನ ತಿಮಿಂಗಿಲ ಶಾಸ್ತ್ರದ ಅಧ್ಯಾಯಗಳನ್ನೆಲ್ಲ ಕಿತ್ತೆಸೆದು ಬೇಟೆಯ ಕಥೆಯೊಂದನ್ನೇ 1942ರ ಸಂಚಿಕೆ ಉಳಿಸಿಕೊಂಡಿತು ನಿಜ, ಆದರೆ ಕಿತ್ತದ್ದು ಏನೆಂದು ತಿಳಿಯುವ ದಾರಿ ಓದುಗನಿಗೆ ತೆರೆದೇ ಇತ್ತು. 1950ರ ‘ಜೂಲಿಯಸ್ ಸೀಸರ್’ ಇನ್ನೂ ದೂರ ಹೋಗಿ ಷೇಕ್ಸ್‌ಪಿಯರನ ಮಾತುಗಳನ್ನೇ ಮಾತಿನ ಗುಳ್ಳೆಗಳಲ್ಲಿ ತುಂಬಿತು. ಓದಲು ತುಸು ಉಸಿರುಗಟ್ಟಿಸುತ್ತದೆ, ಗುಳ್ಳೆಗಳ ಭಾರಕ್ಕೆ ಪಾತ್ರಗಳು ಕುಗ್ಗಿದಂತೆ ಕಾಣುತ್ತವೆ. ಆದರೂ ಇಡೀ ಮಾಲೆಯಲ್ಲಿ ಅತ್ಯಂತ ಪ್ರಾಮಾಣಿಕ ಪ್ರಯತ್ನ ಅದೇ ಎಂದು ನನಗನಿಸುತ್ತದೆ.

ಟೀಕೆಗಳು ಬಾರದೇ ಇರಲಿಲ್ಲ. ಕವಿ ಡೆಲ್ಮೋರ್ ಶ್ವಾರ್ಟ್ಸ್ 1952ರಲ್ಲಿ ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಯಲ್ಲಿ ಈ ಮಾಲೆಯ ಬಗ್ಗೆಯೇ ಪ್ರಬಂಧ ಬರೆದ. ಮನೋವೈದ್ಯ ಫ್ರೆಡರಿಕ್ ವರ್ಥಮ್ 1954ರ ತನ್ನ ಪುಸ್ತಕದಲ್ಲಿ ಅಪರಾಧದ ಕಾಮಿಕ್ಸ್ ಜೊತೆಗೆ ಇವನ್ನೂ ಝಾಡಿಸಿದ. ಅದೇ ವರ್ಷ ಪ್ರಕಾಶಕರು ಸೇರಿ ಸ್ವಯಂ ನಿಯಂತ್ರಣದ ಸಂಹಿತೆ ಮಾಡಿಕೊಂಡಾಗ ಕ್ಯಾಂಟರನ ಗಿಲ್ಬರ್ಟನ್ ಸಂಸ್ಥೆ ಅದಕ್ಕೆ ಸೇರಲಿಲ್ಲ. ತನ್ನದು ಕಾಮಿಕ್ಸೇ ಅಲ್ಲ ಎಂಬ ಠೀವಿ. 1960ರ ದಶಕದ ಆರಂಭಕ್ಕೆ ಟೆಲಿವಿಷನ್, ಅಗ್ಗದ ಪೇಪರ್‌ಬ್ಯಾಕ್, ಪರೀಕ್ಷೆಗೆ ಬೇಕಾದ ಗೈಡುಗಳು ಮೂರೂ ಕಡೆಯಿಂದ ಒತ್ತಿದವು, ಅಮೆರಿಕದಲ್ಲಿ ಹೊಸ ಸಂಚಿಕೆಗಳು ಬಹುಮಟ್ಟಿಗೆ ನಿಂತುಹೋದವು.

ಅಲ್ಲಿ ಸೊರಗುತ್ತಿದ್ದ ಮಾದರಿ ಇಲ್ಲಿ ಮರುಹುಟ್ಟು ಪಡೆದದ್ದು ಹೀಗೆ. ಅನಂತ ಪೈ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲೇ ತಾಯ್ತಂದೆಯರನ್ನು ಕಳೆದುಕೊಂಡು, ಹುಡುಗನಾಗಿದ್ದಾಗಲೇ ಮುಂಬಯಿ ಸೇರಿದವರು. ಓದಿದ್ದು ವಿಜ್ಞಾನ. ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿ ಕೆಲಸ ಮಾಡುತ್ತಿದ್ದಾಗ, 1964ರಲ್ಲಿ ಫ್ಯಾಂಟಮ್‌ನನ್ನು ಭಾರತಕ್ಕೆ ತಂದ ‘ಇಂದ್ರಜಾಲ್ ಕಾಮಿಕ್ಸ್’ನಲ್ಲಿ ಅವರ ಪಾಲಿತ್ತು. 1967ರಲ್ಲಿ ದೆಹಲಿಯ ಅಂಗಡಿಯೊಂದರ ಟೆಲಿವಿಷನ್ನಿನಲ್ಲಿ ಕಂಡ ರಸಪ್ರಶ್ನೆಯ ಪ್ರಸಂಗವನ್ನು ಅವರು ಜೀವನಪೂರ್ತಿ ಹೇಳಿದರು: ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅನಂತರಾಮ್ ಅವರ ಹತ್ತು ಕನ್ನಡ ಪುಸ್ತಕಗಳು ಹಾಗೂ ಪೈ ಅವರ ಈ ಪ್ರಸಂಗ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಮೊದಲನೆಯದು ಮಾರುಕಟ್ಟೆ ಇದೆಯೆಂದು ತೋರಿಸಿತು, ಎರಡನೆಯದು ಏನನ್ನು ಮಾರಬೇಕೆಂದು ಹೇಳಿತು.

ಪುರಾಣಗಳ ಜೊತೆಗೇ ಸಂಸ್ಕೃತದ ಕಾವ್ಯ ನಾಟಕಗಳೂ ಮಾಲೆಗೆ ಬಂದವು: ಕಾಳಿದಾಸನ ‘ಶಾಕುಂತಲ’, ‘ಮಾಲವಿಕಾಗ್ನಿಮಿತ್ರ’, ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ‘ವಸಂತಸೇನಾ’, ಹರ್ಷನ ‘ರತ್ನಾವಳಿ’, ಬಾಣನ ‘ಕಾದಂಬರಿ’. ಪ್ರತಿಯೊಂದೂ ಮೂವತ್ತೆರಡೇ ಪುಟ. ಬಾಣ ಪುಟಗಟ್ಟಲೆ ಸಮಾಸಗಳಲ್ಲಿ ಕಟ್ಟಿದ ವಿಂಧ್ಯದ ಕಾಡು ಒಂದು ಚೌಕಟ್ಟಿನ ಹಿನ್ನೆಲೆಯಾಗಿ ಕ್ಷಣದಲ್ಲಿ ಮುಗಿದುಹೋಗುತ್ತದೆ. ಕಥೆ ಉಳಿಯುತ್ತದೆ, ಬಾಣ ಉಳಿಯುವುದಿಲ್ಲ.

‘ಶಕುಂತಲಾ’ ಸಂಚಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಕುಂತಲೆಗೆ ಎರಡು ಮೂಲಗಳಿವೆ. ಮಹಾಭಾರತದ ಆದಿಪರ್ವದ ಶಕುಂತಲೆ ಮಗನ ಕೈಹಿಡಿದು ದುಷ್ಯಂತನ ಆಸ್ಥಾನಕ್ಕೆ ಹೋಗಿ, ತನ್ನನ್ನು ಅರಿಯೆನೆಂದ ರಾಜನನ್ನು ನೇರವಾಗಿ, ದೀರ್ಘವಾಗಿ ತರಾಟೆಗೆ ತೆಗೆದುಕೊಳ್ಳುವವಳು. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ರಾಜ ಗೊತ್ತಿದ್ದೇ ಸುಳ್ಳು ಹೇಳುತ್ತಾನೆ. ಕಾಳಿದಾಸ ದೂರ್ವಾಸನ ಶಾಪ ತಂದು ರಾಜನನ್ನು ಅಪರಾಧದಿಂದ ಪಾರುಮಾಡಿದ. ಈ ಪಲ್ಲಟದ ಸಾಮಾಜಿಕ ಚರಿತ್ರೆಯನ್ನು ರೊಮಿಲಾ ಥಾಪರ್ 1999ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಅಮರ ಚಿತ್ರ ಕಥೆ ಆಯ್ದುಕೊಂಡದ್ದು ಕಾಳಿದಾಸನ ದಾರಿಯನ್ನು. ಅದು ತಪ್ಪಲ್ಲ. ಆದರೆ ಇನ್ನೊಬ್ಬ ಶಕುಂತಲೆ ಇದ್ದಾಳೆಂಬ ಸುಳಿವು ಆ ಪುಟಗಳನ್ನಷ್ಟೇ ಓದಿದ ಮಗುವಿಗೆ ಸಿಗುವ ದಾರಿ ಕಾಣೆ.

ಇನ್ನೊಂದು ಸೂಕ್ಷ್ಮವಿದೆ. ಕಾಳಿದಾಸನ ನಾಟಕದಲ್ಲಿ ದೂರ್ವಾಸ ರಂಗದ ಮೇಲೆ ಬರುವುದೇ ಇಲ್ಲ. ನಾಲ್ಕನೆಯ ಅಂಕದ ಆರಂಭದಲ್ಲಿ ಸಖಿಯರು ಹೂ ಬಿಡಿಸುತ್ತಿದ್ದಾಗ ಅವನ ದನಿ ಮಾತ್ರ ತೆರೆಮರೆಯಿಂದ ಕೇಳುತ್ತದೆ. ಶಕುಂತಲೆಗೆ ಅದೂ ಕೇಳುವುದಿಲ್ಲ. ಉಂಗುರ ಜಾರಿದ್ದನ್ನೂ ನಾವು ಕಣ್ಣಾರೆ ಕಾಣುವುದಿಲ್ಲ. ಬೆರಳು ಬರಿದಾಗಿದೆ ಎಂದು ಅವಳಿಗೆ ಆಸ್ಥಾನದಲ್ಲಿ ಗೊತ್ತಾದಾಗಲೇ ನಮಗೂ ಗೊತ್ತಾಗುವುದು, ಆಮೇಲೆ ಬೆಸ್ತನೊಬ್ಬ ಸಿಕ್ಕಿಬಿದ್ದಾಗ ಮೀನಿನ ಹೊಟ್ಟೆಯ ಸಂಗತಿ ಹೊರಬೀಳುವುದು. ಅಂದರೆ ಕಥೆಯನ್ನು ತಿರುಗಿಸುವ ಎರಡು ಘಟನೆಗಳನ್ನೂ ಕವಿ ಬೇಕೆಂದೇ ಮರೆಯಲ್ಲಿಟ್ಟಿದ್ದಾನೆ. ಚಿತ್ರಕಥೆಗೆ ತೆರೆಮರೆ ಎಂಬುದಿಲ್ಲ. ದನಿ ಬಂತೆಂದರೆ ಅದರ ಗುಳ್ಳೆಯ ಬಾಲ ಯಾವುದಾದರೂ ಬಾಯಿಯತ್ತ ಚಾಚಬೇಕು. ಜಾರಿದ್ದನ್ನು ಕಾಲಕ್ರಮದಲ್ಲಿ ಹೇಳಹೊರಟರೆ ನೀರಿನಲ್ಲಿ ಜಾರುತ್ತಿರುವಂತೆಯೇ ಬರೆಯಬೇಕು. ಮೇಲಾಗಿ ಈ ಮಾಲೆಯ ಕಲಾವಿದರ ಕಣ್ಣಲ್ಲಿ ರವಿವರ್ಮನ ಚಿತ್ರಗಳು ಮನೆಮಾಡಿದ್ದವು. ಅವನ ಓಲಿಯೊಗ್ರಾಫ್‌ಗಳು ಮನೆಮನೆಯ ಗೋಡೆಗೆ ಬಂದು ದಶಕಗಳೇ ಆಗಿದ್ದವು. ಹೀಗಾಗಿ ಓದುಗ ಕಾಣುವುದು ಕಾಳಿದಾಸನ ಕಥೆಯನ್ನು, ರವಿವರ್ಮನ ಕಣ್ಣಿನಿಂದ.

ಬರಹ ಬಚ್ಚಿಟ್ಟದ್ದನ್ನು ಚಿತ್ರ ಬಯಲು ಮಾಡುವ ಇಕ್ಕಟ್ಟು ಭಾರತಕ್ಕಷ್ಟೇ ಸೀಮಿತವಲ್ಲ. ತನ್ನ ‘ಮೆಟಮಾರ್ಫಸಿಸ್’ 1915ರಲ್ಲಿ ಪುಸ್ತಕವಾಗುವಾಗ, ಮುಖಪುಟದಲ್ಲಿ ಆ ಹುಳುವನ್ನು ಮಾತ್ರ ಬರೆಯಿಸಬೇಡಿ, ದೂರದಿಂದ ಕಂಡಂತೆಯೂ ಬೇಡ ಎಂದು ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದಿದ್ದ. ಪೀಟರ್ ಕೂಪರ್ 2003ರಲ್ಲಿ ಅದನ್ನು ಚಿತ್ರಕಥೆ ಮಾಡಿದಾಗ ಹುಳುವನ್ನು ಬರೆಯದೆ ವಿಧಿಯಿರಲಿಲ್ಲ. ಅವನು ಅದಕ್ಕೆ ಮನುಷ್ಯನ ಮುಖದ ಛಾಯೆ ಉಳಿಸಿ ಒಂದು ದಾರಿ ಕಂಡುಕೊಂಡ. ಬಿಲ್ ಸಿಯೆನ್‌ಕೆವಿಚ್ 1990ರಲ್ಲಿ ಮಾಡಿದ ‘ಮೋಬಿ ಡಿಕ್’ ಇನ್ನೊಂದು ಬಗೆ. ಅಲ್ಲಿ ಚೌಕಟ್ಟುಗಳು ಒಡೆದು, ಬಣ್ಣ ಕದಡಿ, ತಿಮಿಂಗಿಲಕ್ಕಿಂತ ಅದರ ಭಯವೇ ಪುಟ ತುಂಬಿಕೊಳ್ಳುತ್ತದೆ. ನನಗೆ ಇವೆರಡೂ ಮೆಚ್ಚುಗೆ. ಮೂಲವನ್ನು ಓದಿದವನೊಡನೆ ಮಾತಾಡುವ ಕೃತಿಗಳಿವು, ಓದದವನಿಗೆ ಸಾರಾಂಶ ಹೇಳುವಂಥವಲ್ಲ. ಬೆಂಗಳೂರಿನ ಸಂಹಿತಾ ಅರ್ಣಿ ಬರಹ ಹಾಗೂ ಬಂಗಾಳದ ಪಟಚಿತ್ರ ಕಲಾವಿದೆ ಮೊಯ್ನಾ ಚಿತ್ರಕಾರ್ ಅವರ ಚಿತ್ರ ಸೇರಿದ ‘ಸೀತಾಸ್ ರಾಮಾಯಣ’ (2011) ಕೂಡ ಇದೇ ಸಾಲಿನದು. ಸೀತೆಯ ಬಾಯಿಂದ ಕಥೆ ಹೇಳಿಸುವ ಆ ಪುಸ್ತಕ ಅಮರ ಚಿತ್ರ ಕಥೆಯ ಮೈಕಟ್ಟಿನ ಮಾದರಿಯನ್ನೇ ಬಿಟ್ಟುಕೊಟ್ಟಿದೆ.

ಮತ್ತೆ ಮೊದಲ ಪ್ರಶ್ನೆಗೆ ಬಂದರೆ, ನಗರದ ಇಂಗ್ಲಿಷ್ ಶಾಲೆಯ ಮಗುವಿಗೆ ಅಮರ ಚಿತ್ರ ಕಥೆ ಮೂಲದ ಬದಲಿಯೇ ಆಯಿತು. ಮುಖಪುಟದ ಒಳಬದಿಯ ಪುಟ್ಟ ಮುನ್ನುಡಿ ಕಾಳಿದಾಸನ ಹೆಸರು ಹೇಳಬಹುದು. ಆದರೆ ಸಂಸ್ಕೃತ ಬಾರದ ಮಗು ಯಾವ ಗ್ರಂಥಾಲಯಕ್ಕೆ ಹೋಗಬೇಕು? ಕನ್ನಡದ ಓದುಗನ ಸ್ಥಿತಿ ಇಷ್ಟು ಬಡವಾಗಿರಲಿಲ್ಲ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ಹತ್ತೊಂಬತ್ತನೆಯ ಶತಮಾನದಲ್ಲೇ ಮೈಸೂರಿನಲ್ಲಿ ರಂಗಕ್ಕೇರಿತ್ತು. ಊರಿನಲ್ಲಿ ಗಮಕವಿತ್ತು, ಹರಿಕಥೆಯಿತ್ತು. ಪೈ ಅವರ ಕಾರ್ಕಳದ ಸೀಮೆಯಲ್ಲಿ ರಾತ್ರಿಯಿಡೀ ಯಕ್ಷಗಾನವಿತ್ತು. 1983ರ ‘ಕವಿರತ್ನ ಕಾಳಿದಾಸ’ ಚಿತ್ರದಲ್ಲಿ ರಾಜ್‌ಕುಮಾರ್ ಕಾಳಿದಾಸನೂ ಆಗಿ ದುಷ್ಯಂತನೂ ಆದರು. ಇಷ್ಟು ರೂಪಗಳ ನಡುವೆ ಬಂದ ಚಿತ್ರಕಥೆ ಇನ್ನೊಂದು ರೂಪವಾಯಿತೇ ಹೊರತು ಕಡೆಯ ಮಾತಾಗಲಿಲ್ಲ. ಒಂದೇ ಸಂಚಿಕೆ ಒಂದು ಭಾಷೆಯಲ್ಲಿ ಬದಲಿಯಾಗಿ, ಇನ್ನೊಂದರಲ್ಲಿ ಬಾಗಿಲಾಗಿ ನಡೆದುಕೊಂಡಿದೆ ಎಂದು ನಾನು ತಿಳಿದಿರುವುದು ಇದರಿಂದಲೇ.

ಇದನ್ನು ಗಟ್ಟಿಯಾಗಿ ಸಾಧಿಸಲು ಕನ್ನಡದ ಸಂಚಿಕೆಗಳು ಕೈಗೆ ಬೇಕು: 1965ರ ಆ ಹತ್ತು, ಆಮೇಲೆ ಬಂದ ಅನುವಾದಗಳು, ಇಂಗ್ಲಿಷಿನ ಗುಳ್ಳೆಯಳತೆಗೆ ಕನ್ನಡದ ಉದ್ದ ಪದಗಳನ್ನು ಹೊಂದಿಸಲು ಅನುವಾದಕರು ಪಟ್ಟ ಪಾಡು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಇವನ್ನು ಮಕ್ಕಳ ಸಾಮಗ್ರಿ ಎಂದು ಬದಿಗಿಡದೆ ಸಂಗ್ರಹಿಸಿ ಪಟ್ಟಿ ಮಾಡಬೇಕು. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಆ ಕಾಲದ ಕನ್ನಡ ಸಂಚಿಕೆಗಳಿದ್ದರೆ, ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ, ರದ್ದಿಗೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೆ ತಲುಪಿಸಿ.