ಫರ್ಮ್‌ವೇರ್ ಮತ್ತು ನಮ್ಮೂರಿನ ಪಹಣಿ

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು... ಕೆಲಸ ಹಾಗಿತ್ತು. ಹೋದ ತಿಂಗಳು ಆಫೀಸಿನ ಒಂದು ಹಳೆಯ ಸರ್ವರ್‌ನ ಮೆಗಾರೇಡ್ ಕಾರ್ಡಿಗೆ ಹೊಸ ಫರ್ಮ್‌ವೇರ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಫರ್ಮ್‌ವೇರ್ ಅಂದರೆ ಕಾರ್ಡಿನೊಳಗೇ ಕೂತಿರುವ ಪುಟ್ಟ ಪ್ರೋಗ್ರಾಂ. ಡೇಟಾದ ಯಾವ ತುಂಡು ಯಾವ ಡಿಸ್ಕಿನಲ್ಲಿದೆ, ಒಂದು ಡಿಸ್ಕ್ ಕೆಟ್ಟರೆ ಉಳಿದವುಗಳಿಂದ ಅದನ್ನು ಹೇಗೆ ಮತ್ತೆ ಕಟ್ಟಬೇಕು ಎನ್ನುವ ಲೆಕ್ಕವೆಲ್ಲ ಅದರದ್ದು.

ಹುಡುಕುತ್ತಾ ಹೋದರೆ ಇದಕ್ಕೂ ಒಂದು ಇತಿಹಾಸ! ಮೆಗಾರೇಡ್ ಮೊದಲು ಅಮೆರಿಕನ್ ಮೆಗಾಟ್ರೆಂಡ್ಸ್ ಕಂಪನಿಯದ್ದು. 2001ರಲ್ಲಿ ಅದು ಎಲ್‌ಎಸ್‌ಐ ಪಾಲಾಯಿತು. 2014ರಲ್ಲಿ ಎಲ್‌ಎಸ್‌ಐಯನ್ನೇ ಅವಾಗೊ ಕೊಂಡಿತು. 2016ರಲ್ಲಿ ಅವಾಗೊ ಬ್ರಾಡ್‌ಕಾಮ್ ಅನ್ನು ಕೊಂಡು, ಅದರ ಹೆಸರನ್ನೇ ತಾನು ಇಟ್ಟುಕೊಂಡಿತು.

ನನಗೆ ನಮ್ಮೂರು ನೆನಪಾಯಿತು. ಔರಾದ ಸೀಮೆಯ ಠಾಣಾ ಕುಶನೂರ. 1948ರವರೆಗೆ ನಿಜಾಮನ ಆಡಳಿತ, ಆಮೇಲೆ ಹೈದರಾಬಾದ್ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಹೊಲ ಇದ್ದಲ್ಲೇ ಇದೆ, ಕಾಗದದ ತಲೆಬರಹ ಮಾತ್ರ ಬದಲಾಗುತ್ತಾ ಬಂತು.

ಆ ಕಾಗದವೂ ಈಗ ಡಿಸ್ಕಿಗೆ ಹೋಗಿದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಹಿಂದೆ ಪಟ್ವಾರಿಯ ದಫ್ತರಕ್ಕೆ ಗೆದ್ದಲ ಭಯ. ಈಗಿನ ಗೆದ್ದಲು ಕಣ್ಣಿಗೆ ಕಾಣುವುದಿಲ್ಲ.

2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ಒಂದು ಎಚ್ಚರಿಕೆ ಕೊಟ್ಟಿತು. ತನ್ನ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಡೇಟಾ ಮತ್ತೆ ಸಿಗುವುದಿಲ್ಲ, ಕೂಡಲೇ ಎಚ್‌ಪಿಡಿ8 ಫರ್ಮ್‌ವೇರ್ ಹಾಕಿ ಅಂತ. 32,768 ಗಂಟೆ ಅಂದರೆ 3 ವರ್ಷ, 270 ದಿನ, 8 ಗಂಟೆ. 16 ಬಿಟ್‌ನ ಸೈನ್ಡ್ ಸಂಖ್ಯೆ 32,767ಕ್ಕೇ ನಿಲ್ಲುತ್ತದೆ ಎಂದು ಗೊತ್ತಿರುವವರಿಗೆ ಈ ಅಂಕಿ ನೋಡಿದರೇ ಸಾಕು! ಒಂದೇ ದಿನ ಹಾಕಿದ ಡಿಸ್ಕುಗಳು ಒಟ್ಟಿಗೇ ಸಾಯುವಾಗ ರೇಡ್ ಯಾರನ್ನು ನೋಡಿ ಯಾರನ್ನು ಕಟ್ಟೀತು?

"ಓಡೋದನ್ನ ಮುಟ್ಟಬೇಡ" ಎನ್ನುವುದು ನಮ್ಮ ಸೀನಿಯರ್‌ಗಳ ಮಂತ್ರ. ನಾನೂ ಅದನ್ನೇ ನಂಬಿದ್ದೆ. ಈ ಸಲ ರಿಲೀಸ್ ನೋಟ್ಸ್ ಪೂರ್ತಿ ಓದಿದೆ, ಬ್ಯಾಕಪ್ ತೆಗೆದೆ, ಅದನ್ನು ಬೇರೆ ಮಷಿನ್‌ನಲ್ಲಿ ತೆರೆದು ನೋಡಿದೆ. ರಾತ್ರಿ ಒಂದಕ್ಕೆ ರೀಬೂಟ್. ಆರು ನಿಮಿಷ ಉಸಿರು ಬಿಗಿಹಿಡಿದು ಕೂತೆ... ಡಿಸ್ಕುಗಳೆಲ್ಲ ಆನ್‌ಲೈನ್!

ಮರುದಿನ ಅಪ್ಪನ ಫೋನು. ಬೆಳೆ ಸಾಲಕ್ಕೆ ಹೊಸ ಪಹಣಿ ತಂದಿದ್ದರಂತೆ. "ಹೆಸರು, ಸರ್ವೆ ನಂಬರು ಎಲ್ಲಾ ಬರೋಬರಿ ಅದ" ಎಂದರು.

ಎಲ್ಲೋ ಯಾರೋ ರಾತ್ರಿ ಒಂದು ಗಂಟೆಗೆ ರಿಲೀಸ್ ನೋಟ್ಸ್ ಓದಿರಬೇಕು ಅಂದುಕೊಂಡೆ.