ನಾದದಲ್ಲಿ ನಗೆ

ಸಂಗೀತವೆಂದೊಡನೆ ನಮ್ಮ ಮುಖ ತಾನಾಗಿಯೇ ಗಂಭೀರವಾಗುತ್ತದೆ. ತಂಬೂರಿಯ ಶ್ರುತಿ ಕಿವಿಗೆ ಬಿದ್ದರೆ ನೆಟ್ಟಗೆ ಕೂರುತ್ತೇವೆ. ಭಕ್ತಿಗೀತೆಯಾದರೆ ಕಣ್ಣು ಮುಚ್ಚುತ್ತೇವೆ. ಅದೇ ರೇಡಿಯೋದಲ್ಲಿ ಒಂದು ನಗೆಹಾಡು ಬಂದಿತೆನ್ನಿ. ಮಕ್ಕಳು ಅಂಗಳದಿಂದ ಓಡಿಬರುತ್ತಾರೆ, ಅಡಿಗೆಮನೆಯಲ್ಲಿದ್ದವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮನೆಯ ಹಿರಿಯರು ಮಾತ್ರ ‘ಇದೂ ಒಂದು ಸಂಗೀತವೇ?’ ಎಂದು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತಾರೆ. ಮರೆಸಿಕೊಂಡ ಮುಖದಲ್ಲಿಯೂ ನಗು ಇರುತ್ತದೆಯೆಂಬುದು ಬೇರೆ ಮಾತು.

ನಮ್ಮ ಪೂರ್ವಿಕರು ನಗೆಯನ್ನು ಹೀಗೆ ಹೊರಗೆ ನಿಲ್ಲಿಸಿದವರಲ್ಲ. ಭರತಮುನಿಯು ಹಾಸ್ಯವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿದ್ದಾನೆ. ಮುಗುಳುನಗೆಯಿಂದ ಅಟ್ಟಹಾಸದವರೆಗೆ ಅದಕ್ಕೆ ಆರು ಮೆಟ್ಟಿಲುಗಳನ್ನು ಹೇಳಿದ್ದಾನೆ. ಅಷ್ಟೇ ಅಲ್ಲ, ಹಾಸ್ಯಕ್ಕೆ ಮಧ್ಯಮ ಪಂಚಮ ಸ್ವರಗಳು ಒಪ್ಪುತ್ತವೆಂದು ವಿಧಿಸಿದ್ದಾನೆ. ಸ್ವರಕ್ಕೂ ನಗೆಗೂ ನಂಟುಂಟು ಎಂಬ ಅರಿವು ನಮ್ಮಲ್ಲಿ ಅಷ್ಟು ಹಳೆಯದು. ಆ ನಂಟು ನಮ್ಮ ಕಾಲದಲ್ಲಿ ಹೇಗೆ ಬೆಳೆಯಿತು, ಅದನ್ನು ಉಳಿಸಿಕೊಳ್ಳುವುದರಲ್ಲಿ ನಾವು ಎಲ್ಲಿ ಎಡವಿದೆವು ಎಂಬುದನ್ನು ನಮ್ಮ ತಾಲೂಕಿನವರೇ ಆದ ಒಬ್ಬ ಕಲಾವಿದರನ್ನು ಮುಂದಿಟ್ಟುಕೊಂಡು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಅದಕ್ಕೆ ಮೊದಲು ಸ್ವಲ್ಪ ಹೊರಗಿನ ಲೋಕವನ್ನು ನೋಡೋಣ. ಜಾಝ್ ಎಂಬ ಸಂಗೀತವನ್ನು ನೀವು ಕೇಳಿರಬಹುದು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಆಫ್ರಿಕಾ ಮೂಲದ ಜನರ ನಡುವೆ, 20ನೆಯ ಶತಮಾನದ ಆರಂಭದಲ್ಲಿ ಅದು ರೂಪುಗೊಂಡಿತು. ರಾಗದ ಚೌಕಟ್ಟೊಂದನ್ನು ಇಟ್ಟುಕೊಂಡು, ಅದರೊಳಗೆ ವಾದಕನು ಆ ಹೊತ್ತಿಗೆ ತೋಚಿದುದನ್ನು ನುಡಿಸುತ್ತ ಹೋಗುವುದು ಅದರ ಜೀವ. ಈ ಗುಣದಿಂದಾಗಿಯೇ ಅದರಲ್ಲಿ ಹಾಸ್ಯಕ್ಕೆ ಎಡೆ ದೊರೆಯಿತು. ಫ್ಯಾಟ್ಸ್ ವಾಲರ್ ಎಂಬ ಪಿಯಾನೋ ವಾದಕ (1904–1943) ಬಲು ಮೃದುವಾದ ಪ್ರೇಮಗೀತೆಯನ್ನು ಹಾಡುತ್ತಲೇ ನಡುನಡುವೆ ಕೊಂಕುಮಾತು ಸೇರಿಸಿ, ಹಾಡಿನ ಅತಿಭಾವುಕತೆಯನ್ನು ತಾನೇ ಗೇಲಿಮಾಡುತ್ತಿದ್ದ. ರಂಗಭೂಮಿಗೂ ಹಾಡು ಕಟ್ಟಿದ, ಚಲಚ್ಚಿತ್ರದಲ್ಲಿಯೂ ಕಾಣಿಸಿಕೊಂಡ. ನಗಿಸುವವನೆಂದು ಜನ ನಕ್ಕರು. ಬೆರಳುಗಳ ಚಳಕ ಬಲ್ಲವರು ಬೆರಗಾದರು.

ಆ ಗಾಳಿ ನಮ್ಮ ಪಡುವಣ ಕರಾವಳಿಗೂ ಬೀಸಿತು. ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ ಗೋವೆಯ ವಾದಕರು ಹಗಲಿನಲ್ಲಿ ಹಿಂದಿ ಚಿತ್ರಗಳ ವಾದ್ಯಗೋಷ್ಠಿಗೆ ಬಂದರು. ಚಿಕ್ ಚಾಕೊಲೇಟ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಕಹಳೆಗಾರ ಸಿ. ರಾಮಚಂದ್ರರ ಜೊತೆಗೆ ದುಡಿದ. 1951ರ ‘ಅಲ್‌ಬೇಲಾ’ ಚಿತ್ರದಲ್ಲಿ ನಗೆನಟ ಭಗವಾನ್ ಕುಣಿದುದು ಆ ಕಹಳೆಯ ಲಯಕ್ಕೆ.

ಇದನ್ನು ಕೇಳಿ ‘ಅದೆಲ್ಲ ಪರದೇಶದ ಸಂಗತಿ’ ಎನ್ನಬೇಡಿ. ಬಂಟ್ವಾಳ ತಾಲೂಕಿನ ಯಾವ ಗದ್ದೆಯಲ್ಲಿ ಮೇಳದ ಆಟ ನಡೆದರೂ ಇದೇ ಸಂಗತಿಯನ್ನು ಕಾಣುತ್ತೀರಿ. ತೆಂಕುತಿಟ್ಟಿನ ಭಾಗವತರು ಹಾಸ್ಯಗಾರನ ಮುಖ ನೋಡುತ್ತ ಪದವನ್ನು ಎಳೆಯುತ್ತಾರೆ. ಅವನು ತಟಕ್ಕನೆ ತಿರುಗಿದೆಡೆಯಲ್ಲಿ ಚೆಂಡೆಯೂ ತಿರುಗುತ್ತದೆ. ಸಭೆ ನಕ್ಕರೆ ಇನ್ನೊಂದು ಸುತ್ತು. ನಗದಿದ್ದರೆ ಪದ ಮುಂದಕ್ಕೆ. ಚೌಕಟ್ಟು ಹಳೆಯದು, ಒಳಗಿನದು ಆ ಕ್ಷಣದ್ದು. ನ್ಯೂ ಆರ್ಲಿಯನ್ಸಿನವರಿಗೂ ನಮ್ಮವರಿಗೂ ಈ ವಿಷಯದಲ್ಲಿ ಬಳಗವುಂಟು.

ಘಟ್ಟದ ಮೇಲೆಯೂ ನಗೆಹಾಡಿಗೆ ಬಡತನವಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯನ್ನು ಬೆಳಗಿಸಿದ ವೀರಣ್ಣನವರು (1891–1972) ಮೊದಲಿಗೆ ನಗೆನಟರು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರು ಮಾತಿಗೂ ಹಾಡಿಗೂ ನಡುವಿನ ಗೆರೆಯನ್ನೇ ಅಳಿಸಿಬಿಡುತ್ತಿದ್ದರು. ಆ ನಾಟಕ 1935ರಲ್ಲಿ ಚಲಚ್ಚಿತ್ರವೂ ಆಯಿತು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಟಿ. ಪಿ. ಕೈಲಾಸಂ ಅಲ್ಲಿಯ ವಿನೋದಶಾಲೆಗಳ ಮಟ್ಟುಗಳನ್ನು ಕಿವಿಯಲ್ಲಿ ತುಂಬಿಕೊಂಡು ಬಂದರು. 1912ರಲ್ಲಿ ಹುಟ್ಟಿ ಮೊದಲನೆಯ ಮಹಾಯುದ್ಧದ ಸಿಪಾಯಿಗಳ ಬಾಯಲ್ಲಿ ಓಡಾಡಿದ ಟಿಪ್ಪೆರರಿಯ ಹಾಡು ಅವರ ಕೈಯಲ್ಲಿ ಕನ್ನಡದ ತಿಪ್ಪಾರಳ್ಳಿಯಾಯಿತು. ಪರದೇಶದ ಮಟ್ಟು, ನಮ್ಮ ಹಳ್ಳಿಗನ ನಾಲಗೆ. ಈ ಎರಡರ ತಿಕ್ಕಾಟವೇ ಅಲ್ಲಿ ನಗೆ.

ಇನ್ನು ನಮ್ಮವರ ಮಾತಿಗೆ ಬರೋಣ. ನರಿಕೊಂಬಿನವನಾದ ನನಗೆ ಮಂಚಿ ದೂರದ ಊರಲ್ಲ. ಎರಡೂ ಒಂದೇ ತಾಲೂಕಿಗೆ ಸೇರಿದವು. ಆ ಮಂಚಿಯ ಬಾಬುಕೋಡಿಯಲ್ಲಿ 1929ರ ಸೆಪ್ಟೆಂಬರ್ 19ರಂದು ವೆಂಕಟರಮಣ ಕಾರಂತರು ಹುಟ್ಟಿದರು. ನಾಡು ಅವರನ್ನು ಬಿ. ವಿ. ಕಾರಂತರೆಂದು ಅರಿತಿದೆ. ಮೂರನೆಯ ತರಗತಿಯಲ್ಲಿ ‘ನನ್ನ ಗೋಪಾಲ’ ನಾಟಕದಲ್ಲಿ ಬಣ್ಣ ಹಚ್ಚಿದ ಹುಡುಗನಿಗೆ ಆ ಬಣ್ಣ ಮತ್ತೆ ಬಿಡಲಿಲ್ಲ. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪೆನಿ ಸೇರಿದರು. ವೀರಣ್ಣನವರೇ ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿಯಲ್ಲಿ ಎಂ. ಎ. ಪದವಿ, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಪಾಠ. ಆ ಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅದೇ ಶಾಲೆಗೆ 1977ರಿಂದ 1981ರವರೆಗೆ ನಿರ್ದೇಶಕರಾದರು. ಭೋಪಾಲದ ಭಾರತ ಭವನದ ರಂಗಮಂಡಲವನ್ನೂ, 1989ರಲ್ಲಿ ಮೈಸೂರಿನ ರಂಗಾಯಣವನ್ನೂ ಕಟ್ಟಿದರು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಈ ಪಟ್ಟಿಯಲ್ಲಿ ಒಂದು ವಿಚಿತ್ರವನ್ನು ಗಮನಿಸಿದಿರಾ? ಮೇಳದ ಚೆಂಡೆ, ಕಂಪೆನಿಯ ಹಾರ್ಮೋನಿಯಂ, ಕಾಶಿಯ ಖಯಾಲು ಈ ಮೂರೂ ಒಂದೇ ಕಿವಿಯೊಳಗೆ ಬಂದು ಕುಳಿತವು. ಸಾಮಾನ್ಯನು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದೆರಡನ್ನು ಮರೆಯುತ್ತಿದ್ದ. ಕಾರಂತರು ಮೂರನ್ನೂ ಜಗಳವಾಡಲು ಬಿಟ್ಟರು. ಆ ಜಗಳದಲ್ಲಿ ಎಷ್ಟೋ ಸಲ ನಗೆ ಹುಟ್ಟಿತು.

ಅವರ ಸಂಗೀತವನ್ನು ಎರಡು ಗ್ರಾಮಫೋನ್ ತಟ್ಟೆಗಳ ಒಂದು ಜೋಡಿಯೆಂದು ನೀವು ಕಲ್ಪಿಸಿಕೊಳ್ಳಿ. ಒಂದು ರಂಗದ ತಟ್ಟೆ, ಇನ್ನೊಂದು ಚಿತ್ರದ ತಟ್ಟೆ.

ರಂಗದ ತಟ್ಟೆಯನ್ನು ಮೊದಲು ಹಾಕೋಣ. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಕಾರಂತರು ‘ದೊರೆ ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಎಂಬ ಮೂರು ನಾಟಕಗಳನ್ನು ಆಡಿಸಿದರು. ಕನ್ನಡ ರಂಗಭೂಮಿಯಲ್ಲಿ ಹಾಡು ಮತ್ತೆ ತಲೆಯೆತ್ತಿದ ಕಾಲವದು. ಕಂಪೆನಿಯ ಕಾಲದಲ್ಲಿ ಹಾಡು ಬಂದರೆ ಕಥೆ ನಿಲ್ಲುತ್ತಿತ್ತು. ಕಾರಂತರಲ್ಲಿ ಹಾಡೇ ಕಥೆಯನ್ನು ತಳ್ಳಿಕೊಂಡು ಹೋಯಿತು. ಶ್ರೀರಂಗರ ‘ಸತ್ತವರ ನೆರಳು’ ನೋಡಿದವರಿಗೆ ಇದು ಗೊತ್ತು. ಮಠದ ಅಧಿಕಾರದ ಕಿತ್ತಾಟದ ನಡುವೆ ದಾಸರ ಪದಗಳು ಬರುತ್ತವೆ. ಪದದಲ್ಲಿ ಭಕ್ತಿ, ಸನ್ನಿವೇಶದಲ್ಲಿ ಕಪಟ. ಹಾಡುವವರು ಒಂದಿಷ್ಟೂ ಕುಚೋದ್ಯ ಮಾಡಬೇಕಾಗಿಲ್ಲ. ಭಕ್ತಿಯಿಂದ ಹಾಡಿದಷ್ಟೂ ಸಭೆ ನಗುತ್ತದೆ. ನಗುತ್ತ ನಗುತ್ತ ಎಲ್ಲೋ ಒಂದೆಡೆ ನಗು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಕಾರ್ನಾಡರ ‘ಹಯವದನ’ದ ಕೊನೆಯನ್ನು ನೆನಪಿಸಿಕೊಳ್ಳಿ. ಕುದುರೆಯ ತಲೆಯ ಮನುಷ್ಯನು ಪೂರ್ಣ ಮನುಷ್ಯನಾಗಬೇಕೆಂದು ಹೊರಟು ಪೂರ್ಣ ಕುದುರೆಯಾಗಿಬಿಡುತ್ತಾನೆ. ದನಿಯೊಂದು ಮಾತ್ರ ಮನುಷ್ಯರದಾಗಿ ಉಳಿದಿರುತ್ತದೆ. ಒಂದು ಮಗುವಿನೊಡನೆ ನಗುತ್ತ ನಗುತ್ತ ಆ ನಗು ಕೆನೆತವಾಗಿ ಹೊರಳುತ್ತದೆ. ನಗೆಯೇ ನಾದವಾಗುವ ಇಂಥ ಎಡೆಗೆ ಯಾವ ರಾಗ ಹೆಸರಿಸುವಿರಿ? ದೆಹಲಿಯಲ್ಲಿ ಅವರು ಆಡಿಸಿದ ‘ಅಂಧೇರ್ ನಗರಿ’ ಭಾರತೇಂದು ಹರಿಶ್ಚಂದ್ರರ 1881ರ ಪ್ರಹಸನ. ಅದರ ಸಂತೆಯಲ್ಲಿ ವ್ಯಾಪಾರಿಗಳ ಕೂಗುಗಳೇ ಹಾಡುಗಳು. ಸಂತೆಯ ಗದ್ದಲವನ್ನು ತಾಳಕ್ಕೆ ಕೂಡಿಸುವುದೆಂದರೆ ನಮ್ಮ ಕಾರಂತರಿಗೆ ಹಬ್ಬ.

ಈಗ ಚಿತ್ರದ ತಟ್ಟೆಯನ್ನು ಹಾಕಿ. ಇಲ್ಲಿ ನೀವು ಬೇರೊಬ್ಬರನ್ನೇ ಕೇಳುತ್ತೀರಿ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಇವರು ನಿರ್ದೇಶಿಸಿದ ‘ಚೋಮನ ದುಡಿ’ಗೆ 1975ರ ಸ್ವರ್ಣಕಮಲ ದೊರೆಯಿತು. ಅದರಲ್ಲಿ ದುಡಿಯ ಬಡಿತವೇ ಚೋಮನ ಮಾತು. ಅವನು ಬಾಯಿಂದ ಹೇಳಲಾರದ್ದನ್ನೆಲ್ಲ ತೊಗಲು ಹೇಳುತ್ತದೆ. ‘ಋಷ್ಯಶೃಂಗ’ಕ್ಕೆ 1976ರಲ್ಲಿ, ‘ಘಟಶ್ರಾದ್ಧ’ಕ್ಕೆ 1977ರಲ್ಲಿ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿಗಳು ಬಂದವು. ಬಂಗಾಳದ ಮೃಣಾಲ್ ಸೇನರೂ ‘ಏಕ್ ದಿನ್ ಪ್ರತಿದಿನ್’, ‘ಖಾರಿಜ್’ ಚಿತ್ರಗಳಿಗೆ ಇವರನ್ನು ಕರೆಸಿಕೊಂಡರು. ಅಲ್ಲಿ ನಗೆಯಿಲ್ಲ. ಆದರೆ ನಗೆಗೆ ಎಲ್ಲಿ ಒಂದು ಗಳಿಗೆ ತಡೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂದು ರಂಗದ ಮೇಲೆ ಕಲಿತವರಿಗೆ ದುಃಖದ ಮೌನವನ್ನು ಅಳೆಯುವುದು ಕಷ್ಟವಾಗಲಿಲ್ಲ. ಎರಡು ತಟ್ಟೆಗಳನ್ನು ಜೊತೆಯಲ್ಲಿ ಕೇಳಬೇಕೆನ್ನುವುದು ಈ ಕಾರಣಕ್ಕೆ.

ಎರಡಕ್ಕೂ ಇರುವ ಮುಖ್ಯ ಭೇದವನ್ನು ಈಗ ಹೇಳಬೇಕು. ಚಿತ್ರದ ಸಂಗೀತಕ್ಕೆ ಅಳತೆ ಹೊರಗಿನಿಂದ ಬರುತ್ತದೆ. ದೃಶ್ಯ 40 ಸೆಕೆಂಡಿನದಾದರೆ ಸಂಗೀತವೂ ಅಷ್ಟೇ. ಒಮ್ಮೆ ಮುದ್ರಣವಾದರೆ ಮುಗಿಯಿತು, ನೂರು ಸಲ ಹಾಕಿದರೂ ಅದೇ. ರಂಗದ ಹಾಡಿಗೆ ಅಳತೆ ಸಭೆಯಿಂದ ಬರುತ್ತದೆ. ಮಂಗಳೂರಿನಲ್ಲಿ ನಕ್ಕ ಎಡೆಯಲ್ಲಿ ಧಾರವಾಡದವರು ನಗಲಿಕ್ಕಿಲ್ಲ. ಹಾಡುವವನು ಅದಕ್ಕೆ ತಕ್ಕಂತೆ ಎಳೆಯುತ್ತಾನೆ, ಮೊಟಕುಗೊಳಿಸುತ್ತಾನೆ. ಹಳೆಯ ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. 1948ರಲ್ಲಿ ದೀರ್ಘಕಾಲದ ತಟ್ಟೆ ಬಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಿಡಿಯಿತು. ಅನಂತರ ಕ್ಯಾಸೆಟ್ಟು ಬಂದು 60, 90 ನಿಮಿಷಗಳಾದವು. ಹೊತ್ತು ಹೆಚ್ಚಿತು, ನಿಜ. ಆದರೆ ತಟ್ಟೆಗೆ ಬಾಯಿದೆ, ಕಿವಿಯಿಲ್ಲ. ನೀವು ನಕ್ಕಿರೋ ಇಲ್ಲವೋ ಎಂದು ಅದು ಕಾಯುವುದಿಲ್ಲ.

ಹೀಗಾಗಿ ನಗೆಸಂಗೀತದಲ್ಲಿ ಚಿತ್ರದ ಪಾಲು ಉಳಿಯಿತು, ರಂಗದ ಪಾಲು ಸೋರಿತು. ಕಾರಂತರ ಚಿತ್ರಗಳನ್ನು ಇಂದಿಗೂ ನೋಡಬಹುದು. ಅವರ ರಂಗಗೀತೆಗಳಲ್ಲಿ ಕೆಲವನ್ನು ಹಾಡುವವರು ಇದ್ದಾರೆ. ಆದರೆ ಒಂದು ನಾಟಕದ ಒಂದು ರಾತ್ರಿಯಲ್ಲಿ ಸಭೆಗೂ ಮೇಳಕ್ಕೂ ನಡುವೆ ನಡೆದ ಆ ಕೊಡುಕೊಳ್ಳುವಿಕೆ ಆಡಿದವರ, ನೋಡಿದವರ ನೆನಪಿನಲ್ಲಿ ಮಾತ್ರ ಇದೆ. ಆ ನೆನಪಿಗೂ ವಯಸ್ಸಾಗುತ್ತಿದೆ.

ಈ ವಿಷಯದಲ್ಲಿ ನಾನು ಉಪದೇಶ ಮಾಡುವ ಅಧಿಕಾರ ಉಳ್ಳವನಲ್ಲ, ತಪ್ಪು ಒಪ್ಪಿಕೊಳ್ಳಬೇಕಾದವನು. ಹಳಗನ್ನಡ ಓದಿ ಬಂದ ನನಗೆ ಮೊದಲಲ್ಲಿ ಶ್ರುತಿಬದ್ಧವಾದುದೇ ಸಂಗೀತ. ಒಮ್ಮೆ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ತೆಂಗಿನ ಗೆರಟೆಗಳನ್ನು ತಂದು ಕುದುರೆಯ ಹೆಜ್ಜೆ ಬಡಿಯತೊಡಗಿದ. ‘ಗೆರಟೆ ಒಳಗಿಡು, ಹಾರ್ಮೋನಿಯಂ ಸಾಕು’ ಎಂದು ಗದರಿಸಿದೆ. ನಮ್ಮಲ್ಲಿ ಆಗ ನಾಟಕ ಕಲಿಸಲು ಬರುತ್ತಿದ್ದ ಹಿರಿಯರೊಬ್ಬರು ನಕ್ಕು, ‘ಮಾಸ್ಟ್ರೇ, ಬಡಿಯಲಿ ಬಿಡಿ’ ಎಂದರು. ಆ ರಾತ್ರಿ ರಾಜಕುಮಾರ ರಂಗಕ್ಕೆ ಬರುವ ಮೊದಲೇ, ಗೆರಟೆಯ ಕುಂಟುಹೆಜ್ಜೆ ಕೇಳಿಯೇ ಸಭೆ ಬಿದ್ದು ಬಿದ್ದು ನಕ್ಕಿತು. ಆ ಹಿರಿಯರೇ ಕಟ್ಟಿದ ಹಾಡುಗಳು ಆ ನಗುವಿನ ಮೇಲೆ ಹತ್ತಿ ಕೂತವು. ನಾಟಕವನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆವು. ಎರಡು ವರುಷದ ಮೇಲೆ ಮನೆಯಲ್ಲಿ ಖಾಲಿ ಕ್ಯಾಸೆಟ್ಟು ಇಲ್ಲವೆಂದು ಅದರ ಮೇಲೆ ಚಿತ್ರಗೀತೆ ತುಂಬಿಸಿದವನು ನಾನೇ. ಆ ಹಿರಿಯರು ಈಗಿಲ್ಲ. ಆ ಹಾಡುಗಳ ಸಾಹಿತ್ಯ ನನ್ನ ಪುಸ್ತಕದಲ್ಲಿದೆ. ಮಟ್ಟು ಯಾರ ಬಾಯಲ್ಲಿಯೂ ಇಲ್ಲ.

ದೊಡ್ಡವರ ಸಂಗೀತಕ್ಕೆ ಆದದ್ದೂ, ನಮ್ಮ ಶಾಲೆಯ ಸಣ್ಣ ನಾಟಕಕ್ಕೆ ಆದದ್ದೂ ಒಂದೇ ಬಗೆಯ ನಷ್ಟ. ಚಿತ್ರಗೀತೆಯನ್ನು ನಾನು ದೂರುವುದಿಲ್ಲ. ಅದನ್ನು ಇನ್ನೊಂದು ಕಡೆ ಕೇಳಲು ದಾರಿಯಿತ್ತು. ಅಳಿಸಿದ್ದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ನಗೆಯ ಹಾಡೆಂಬ ಸಸಾರವೇ ನನ್ನ ಕೈಯಿಂದ ಆ ಕೆಲಸ ಮಾಡಿಸಿತೆಂದು ಈಗ ತೋರುತ್ತದೆ. ಗಂಭೀರ ಕಚೇರಿಯಾಗಿದ್ದರೆ ಅಳಿಸುತ್ತಿದ್ದೆನೇ?

ರೇಡಿಯೋ ಇರುವ ಮನೆಯವರು ನೀವು. ಕೇಳುವ ಅಭ್ಯಾಸ ಉಳ್ಳವರು. ನಿಮ್ಮ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿ, ಊರ ನಾಟಕದ, ಶಾಲೆಯ ಹಬ್ಬದ, ಮೇಳದ ಹಾಸ್ಯದ ಒಂದು ಕ್ಯಾಸೆಟ್ಟು ಇದ್ದರೆ ಎಸೆಯುವ ಮೊದಲು ಒಮ್ಮೆ ಹಾಕಿ ಕೇಳಿ. ಸದ್ದುಗದ್ದಲ, ಮಗುವಿನ ಅಳು, ಸಭೆಯ ನಗು ಕೇಳಿಸಿದರೆ ಕೆಟ್ಟ ಮುದ್ರಣವೆಂದು ಬಿಡಬೇಡಿ. ಆ ನಗುವೇ ಆ ಹಾಡಿನ ಅರ್ಧ ತಾಳ. ಮನೆಯಲ್ಲಿ ಹಾಡು ಬಲ್ಲ ಅಜ್ಜ ಅಜ್ಜಿಯರಿದ್ದರೆ ಇಂದೇ ಹಾಡಿಸಿ. ಮಕ್ಕಳ ಕೈಯಲ್ಲಿರುವ ಫೋನಿನಲ್ಲಿಯೇ ಹಿಡಿದಿಟ್ಟುಕೊಳ್ಳಬಹುದು. ಬಾಬುಕೋಡಿಯ ಹುಡುಗನಂತೆ ಯಾವ ಮನೆಯ ಮಗುವಿನ ಕಿವಿ ಅದನ್ನು ಕೇಳಿ ತೆರೆದುಕೊಳ್ಳುವುದೋ ಯಾರು ಬಲ್ಲರು?